ಜಗಲಿ ಮೇಲಿನ ಮೂರು ಉರುಳೆ

ಎರಡು ವರ್ಷದ ಹಿಂದೆ ಅಕ್ಟೋಬರ್‌ನಲ್ಲಿ 200 ಕಿಲೋಮೀಟರ್ ಬ್ರೆವೆಗೆ, ಅಂದರೆ ದೂರದ ಸೈಕಲ್ ಸವಾರಿಗೆ, ಹೋಗಿದ್ದೆ. ಅದು ರೇಸ್ ಅಲ್ಲ, ಆದರೆ ಗಡುವು ಇದೆ. 13 ಗಂಟೆ 30 ನಿಮಿಷದೊಳಗೆ ಮುಗಿಸಬೇಕು. ನಾನು ಮುಗಿಸಿದ್ದು 13 ಗಂಟೆ 20 ನಿಮಿಷಕ್ಕೆ. 140ನೇ ಕಿಲೋಮೀಟರ್ ದಾಟಿದ ಮೇಲೆ ಕಾಲು ನನ್ನ ಮಾತೇ ಕೇಳಲಿಲ್ಲ. ಕೊನೆಯ ಚೆಕ್‌ಪಾಯಿಂಟಿನಲ್ಲಿ ಬಾಳೆಹಣ್ಣು ಸುಲಿಯಲೂ ಕೈ ನಡುಗುತ್ತಿತ್ತು. ಅದೇ ವರ್ಷ ಫೆಬ್ರವರಿಯಲ್ಲಿ ಇದೇ ದೂರವನ್ನು ಹತ್ತೂವರೆ ಗಂಟೆಗೆ ಮುಗಿಸಿ, ಮನೆಗೆ ಬಂದು ಊಟ ಮಾಡಿ, ದನಕ್ಕೆ ಹುಲ್ಲೂ ಹಾಕಿದ್ದೆ. ನಡುವೆ ಆಗಿದ್ದು ಒಂದೇ. ಮಳೆಗಾಲ.

ನಮ್ಮ ಮನೆ ಸಾಗರದಿಂದ ಎಂಟು ಕಿಲೋಮೀಟರ್ ಒಳಗೆ, ಅಡಿಕೆ ತೋಟದ ಮೇಲಿನ ದಿಬ್ಬದಲ್ಲಿ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಮಳೆಯಲ್ಲಿ ಸೈಕಲ್ ತುಳಿಯಬಾರದು ಅಂತೇನಿಲ್ಲ, ಮೊದಲ ಎರಡು ವರ್ಷ ತುಳಿದೆ. ಜೋಗದ ರಸ್ತೆಯಲ್ಲಿ ಎದುರಿಗೆ ಬರುವ ಬಸ್ಸಿನವನಿಗೆ ನಾನು ಕಾಣುವುದಿಲ್ಲ, ನನಗೆ ನೀರು ತುಂಬಿದ ಗುಂಡಿ ಕಾಣುವುದಿಲ್ಲ. ಸಂಜೆ ಒರೆಸಿ ಎಣ್ಣೆ ಬಿಟ್ಟ ಚೈನು ಬೆಳಿಗ್ಗೆ ಕೆಂಪಾಗಿರುತ್ತದೆ. ಒಂದು ಸಲ ಜಾರಿ ಬಿದ್ದು ಮೊಣಕೈಗೆ ನಾಲ್ಕು ಹೊಲಿಗೆ ಬಿದ್ದವು. ಅಲ್ಲಿಂದಾಚೆ ಮಳೆಗಾಲಕ್ಕೆ ಸೈಕಲ್ಲನ್ನು ಅಟ್ಟದ ಕೆಳಗೆ ನಿಲ್ಲಿಸಿ, ನಾನೂ ಹಪ್ಪಳ ತಿನ್ನುತ್ತಾ ಕೂತುಬಿಡುವುದು ರೂಢಿಯಾಯಿತು. ಅದರ ಫಲ ಆ ಅಕ್ಟೋಬರ್.

ಮನೆಯೊಳಗೇ ತುಳಿಯುವ ಏರ್ಪಾಡು ಬೇಕು ಅಂತ ಆವಾಗ ತೀರ್ಮಾನ ಮಾಡಿದೆ. ಬೆಂಗಳೂರಲ್ಲಿರುವ ಗೆಳೆಯನೊಬ್ಬ ಮೂಲೆಗೆಸೆದಿದ್ದ ಹಳೆಯ ಮ್ಯಾಗ್ನೆಟ್ ಟ್ರೈನರ್ ಕೊಟ್ಟ. ಹಿಂದಿನ ಚಕ್ರದ ಅಚ್ಚನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿದು, ಟೈರಿಗೆ ಒಂದು ಸಣ್ಣ ಉರುಳೆಯನ್ನು ಒತ್ತಿ ನಿಲ್ಲಿಸುವ ಸ್ಟ್ಯಾಂಡು ಅದು. ಮುಂದಿನ ಚಕ್ರ ಸುಮ್ನೆ ನೆಲದ ಮೇಲಿರುತ್ತದೆ. ಒಂದು ಮಳೆಗಾಲ ಅದರಲ್ಲೇ ತುಳಿದೆ. ತುಳಿದೆ ಅನ್ನುವುದಕ್ಕಿಂತ ತುಳಿಯಲು ನೋಡಿದೆ. ಇಪ್ಪತ್ತು ನಿಮಿಷಕ್ಕೆ ಕೂರುವ ಜಾಗ ಉರಿಯುತ್ತದೆ. ರಸ್ತೆಯಲ್ಲಾದರೆ ಸೈಕಲ್ಲು ಆಚೀಚೆ ತೂಗುತ್ತದೆ, ನಮಗೆ ಗೊತ್ತಿಲ್ಲದ ಹಾಗೆ ಭಾರ ಜರುಗುತ್ತಿರುತ್ತದೆ. ಇಲ್ಲಿ ಗೂಟಕ್ಕೆ ಕಟ್ಟಿದ ಕರುವಿನ ಹಾಗೆ. ಸಣ್ಣ ಉರುಳೆ ಒಂದೇ ಕಡೆ ಒತ್ತುವುದರಿಂದ ಟೈರು ಬಿಸಿಯಾಗಿ ಸವೆದು, ನಡು ಚಪ್ಪಟೆಯಾಗಿ, ಕೆಂಪು ನೆಲದ ಮೇಲೆ ಕರಿ ಪುಡಿ ಉದುರುತ್ತಿತ್ತು. ಅಮ್ಮ ದಿನಾ ಅದನ್ನು ಒರೆಸುತ್ತಾ, "ಎಂತದ್ದೋ ಇದು, ಮನೆಯೊಳಗೆ ಕಾಡಿಗೆ ಮಾಡ್ತಾ ಇದ್ದೀಯಾ?" ಅಂತ ಕೇಳುತ್ತಿದ್ದರು.

ಮುಂದಿನ ವರ್ಷ ಸ್ಮಾರ್ಟ್ ಟ್ರೈನರ್ ನೋಡಿದೆ. ಹಿಂದಿನ ಚಕ್ರ ತೆಗೆದು ಚೈನನ್ನು ನೇರ ಯಂತ್ರಕ್ಕೇ ಹಾಕುವುದು. ಮೊಬೈಲಿನಲ್ಲಿ ಗುಡ್ಡ ಬಂದರೆ ಪೆಡಲು ತಾನೇ ಬಿಗಿಯಾಗುತ್ತದೆ. ಒಳ್ಳೆಯ ವಸ್ತು, ನಗರದವರು ಕಣ್ಣು ಮುಚ್ಚಿ ಅದನ್ನೇ ತಗೊಳ್ಳಲಿ. ಆಗ ಬೆಲೆ ಅರ್ಧ ಲಕ್ಷದ ಮೇಲೆ ಇದ್ದುದು ಒಂದು ತೊಡಕು. ನನ್ನ ದೊಡ್ಡ ತೊಡಕು ಬೇರೆ. ಅವುಗಳಲ್ಲಿ ಬಹುಪಾಲಿಗೆ ಕರೆಂಟು ಬೇಕು. ನಾನು ಒಳಗೆ ತುಳಿಯುವುದು ಮಳೆಗಾಲದಲ್ಲಿ, ನಮ್ಮಲ್ಲಿ ಕರೆಂಟು ಹೋಗುವುದೂ ಮಳೆಗಾಲದಲ್ಲೇ. ಲೈನಿನ ಮೇಲೆ ಮರ ಬಿದ್ದರೆ ಎರಡು ದಿನ, ಟ್ರಾನ್ಸ್‌ಫಾರ್ಮರ್ ಸುಟ್ಟರೆ ನಾಲ್ಕು ದಿನ. ಯಾರನ್ನೂ ಬೈಯುವ ಹಾಗಿಲ್ಲ, ಪಾಪ ಲೈನ್‌ಮನ್ ಆ ಮಳೆಯಲ್ಲೇ ಕಂಬ ಹತ್ತುತ್ತಾನೆ. ಪ್ಲಗ್ ಇಲ್ಲದೆ ನಡೆಯುವ ಸ್ಮಾರ್ಟ್ ಟ್ರೈನರೂ ಇದೆ. ಅದರ ಬೆಲೆ ನೋಡಿ ಸುಮ್ಮನೆ ಲ್ಯಾಪ್‌ಟಾಪ್ ಮುಚ್ಚಿದೆ.

ಸೈಕಲ್ಲನ್ನು ಮೇಲಿಟ್ಟು ತುಳಿಯುವ ರೋಲರ್ ತಲೆಗೆ ಹೊಕ್ಕಿದ್ದು ವಿಜಯಪುರದ ಒಬ್ಬ ಹುಡುಗನಿಂದ. ಬ್ರೆವೆಯೊಂದರಲ್ಲಿ ಎಪ್ಪತ್ತು ಕಿಲೋಮೀಟರ್ ಜೊತೆಗೆ ತುಳಿದಿದ್ದ. ಕರ್ನಾಟಕದಲ್ಲಿ ಸೈಕಲ್ ರೇಸ್ ಅಂದರೆ ವಿಜಯಪುರ, ಬಾಗಲಕೋಟೆ ಕಡೆಯವರದ್ದೇ ಮೇಲುಗೈ. ಇವನೂ ಕ್ರೀಡಾ ಹಾಸ್ಟೆಲಿನಲ್ಲಿ ಬೆಳೆದವನು. ಅವನು ಗಾಡಿ ಓಡಿಸುತ್ತಿದ್ದ ರೀತಿ ನೋಡಬೇಕಿತ್ತು. ರಸ್ತೆ ಅಂಚಿನ ಬಿಳಿ ಗೆರೆಯ ಮೇಲೆ ಚಕ್ರ ಇಟ್ಟರೆ ಒಂದು ಬೆರಳೂ ಆಚೀಚೆ ಇಲ್ಲ. ಕೈಬಿಟ್ಟು ಜಾಕೆಟ್ ತೆಗೆದು ಮಡಚಿ ಕಿಸೆಗೆ ಹಾಕಿದ. ನಾನು ಫೋನ್ ಮಾಡಿ ಟ್ರೈನರ್ ಕತೆ ಹೇಳಿದಾಗ ನಕ್ಕ. "ಸರ್, ಟ್ರೈನರ್ ಕಾಲು ಗಟ್ಟಿ ಮಾಡ್ತೈತ್ರಿ. ರೋಲರ್ ನಿಮ್ಮನ್ನ ನೆಟ್ಟಗ ಮಾಡ್ತೈತಿ. ನಾವ್ ಟ್ರ್ಯಾಕಿಗೆ ಇಳಿಯೂ ಮುಂಚೆ ಅದರ ಮ್ಯಾಲೇ ಮೈ ಬಿಸಿ ಮಾಡ್ಕೊತಿದ್ವಿ. ಕರೆಂಟ್ ಗಿರೆಂಟ್ ಏನೂ ಬೇಕಾಗಿಲ್ರಿ."

ಆ ಕೊನೆಯ ಮಾತಿಗೇ ನಾನು ಬಿದ್ದುಹೋದೆ.

ನೋಡದವರಿಗೆ ಒಂದು ಮಾತು. ರೋಲರ್ ಅಂದರೆ ಒಂದು ಚೌಕಟ್ಟಿನಲ್ಲಿ ಅಡ್ಡಲಾಗಿ ಕೂರಿಸಿದ ಮೂರು ಉರುಳೆ. ಹಿಂದಿನ ಚಕ್ರ ಎರಡು ಉರುಳೆಗಳ ನಡುವಿನ ಕಣಿವೆಯಲ್ಲಿ ಕೂರುತ್ತದೆ, ಮುಂದಿನ ಚಕ್ರ ಮೂರನೆಯದರ ಮೇಲೆ. ಸೈಕಲ್ಲನ್ನು ಯಾವುದೂ ಹಿಡಿದಿರುವುದಿಲ್ಲ. ಪೆಡಲ್ ತುಳಿದರೆ ಹಿಂದಿನ ಚಕ್ರ ಉರುಳೆ ತಿರುಗಿಸುತ್ತದೆ, ನಡುವಿನ ಉರುಳೆಯಿಂದ ಮುಂದಿನದಕ್ಕೆ ಒಂದು ಬೆಲ್ಟು, ಹಾಗಾಗಿ ಮುಂದಿನ ಚಕ್ರವೂ ತಿರುಗುತ್ತದೆ. ಮುಂದಿನದು ಯಾಕೆ ತಿರುಗಬೇಕು ಅಂತ ನನಗೂ ಮೊದಲು ಹೊಳೆದಿರಲಿಲ್ಲ. ನಾವು ಸೈಕಲ್ಲಿನಿಂದ ಬೀಳದೆ ಇರುವುದು ಹ್ಯಾಂಡಲಿನಿಂದ. ಎಡಕ್ಕೆ ವಾಲಿದರೆ ಎಡಕ್ಕೇ ಚೂರು ತಿರುಗಿಸುತ್ತೇವೆ, ಚಕ್ರ ಉರುಳಿಕೊಂಡು ಬಂದು ನಮ್ಮ ಭಾರದ ಅಡಿಗೆ ನಿಲ್ಲುತ್ತದೆ. ಉರುಳದ ಚಕ್ರವನ್ನು ಎಷ್ಟು ತಿರುಗಿಸಿದರೂ ಅದು ಇದ್ದಲ್ಲೇ ಇರುತ್ತದೆ. ಜಪಾನಿನಲ್ಲಿ 1948ರಲ್ಲಿ ಕೊಕುರಾದಲ್ಲಿ ಶುರುವಾದ ಕೇರಿನ್ ಅನ್ನುವ ಬಾಜಿ ರೇಸ್ ಇದೆ. ಬ್ರೇಕ್ ಇಲ್ಲದ ಸೈಕಲ್ಲಿನ ಆ ಸವಾರರಿಗೆ ರೋಲರ್ ತುಳಿಯುವುದು ನಿತ್ಯದ ಕೆಲಸ. ಅಲ್ಲಿ ಇದರ ಹೆಸರೇ ಸಾಂಬೊನ್ ರೋರಾ, ಅಂದರೆ ಮೂರು ಉರುಳೆ.

ಇಷ್ಟು ಸರಳ ವಸ್ತುವಿಗೆ ದುಡ್ಡು ಯಾಕೆ ಕೊಡಬೇಕು? ಮಲೆನಾಡಿನವನ ಬುದ್ಧಿ. ತೋಟಕ್ಕೆ ತಂದು ಉಳಿದಿದ್ದ 110 ಎಂಎಂ ಪಿವಿಸಿ ಪೈಪು ಹಿತ್ತಲಲ್ಲಿ ಬಿದ್ದಿತ್ತು. ಅಪ್ಪನ ಹತ್ತಿರ ಕೇಳಿ ಮೂರು ತುಂಡು ಮಾಡಿದೆ. ಪೈಪಿನ ಎರಡೂ ಬಾಯಿಗೆ ಆಚಾರ್ರು ಹಲಸಿನ ಮರದ ಬಿಲ್ಲೆ ಕಡೆದು ಕೊಟ್ಟರು. ಬಿಲ್ಲೆಯ ನಡುವೆ 6201 ಬೇರಿಂಗು, ಅದರೊಳಗೆ 12 ಎಂಎಂ ಸರಳು. ಹಳೆ ಮಂಚದ ಎರಡು ಪಟ್ಟಿ ಚೌಕಟ್ಟಾಯಿತು. ಬೆಲ್ಟಿಗೆ ಹರಿದ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಗಂಟು ಹಾಕಿದೆ. ಎಲ್ಲಾ ಸೇರಿ ಖರ್ಚು ಒಂದು ಸಾವಿರವೂ ಆಗಲಿಲ್ಲ. ಬೀಗಿದ್ದೇ ಬೀಗಿದ್ದು.

ನಿಧಾನ ತುಳಿದಾಗ ಪರವಾಗಿಲ್ಲ ಅನ್ನಿಸಿತು. ವೇಗ 20 ದಾಟಿದ ಕೂಡಲೇ ಇಡೀ ಜಗಲಿ ನಡುಗಲು ಶುರು. ಹಲ್ಲು ಕಟಕಟ, ಬಾಟಲಿ ಸ್ಟ್ಯಾಂಡಿನಿಂದ ಹಾರಿ ಕೆಳಗೆ. ಒಳಗಿನಿಂದ ಅಮ್ಮ, "ಗಿರಣಿ ಹಾಕಿದ್ಯೇನೋ? ಹಾಗಾದ್ರೆ ಎರಡು ಸೇರು ಅಕ್ಕಿ ಕೊಡ್ತೆ" ಅಂದರು. ನಾನು ಶಾಲೆಯಲ್ಲಿ ಗಣಿತ ಹೇಳಿಕೊಡುವವನು, ಆದರೂ ಲೆಕ್ಕ ಹಾಕಿದ್ದು ಪೈಪು ಕೊಯ್ದು ಮುಗಿದ ಮೇಲೆ. ಗಂಟೆಗೆ 30 ಕಿಲೋಮೀಟರ್ ಅಂದರೆ ಸೆಕೆಂಡಿಗೆ 8.33 ಮೀಟರ್. 110 ಎಂಎಂ ಪೈಪಿನ ಸುತ್ತಳತೆ 34.6 ಸೆಂಟಿಮೀಟರ್. ಹಾಗಾದರೆ ಪೈಪು ಸೆಕೆಂಡಿಗೆ 24 ಸಲ, ನಿಮಿಷಕ್ಕೆ ಸುಮಾರು 1,450 ಸಲ ತಿರುಗುತ್ತದೆ. ಅದೇ ವೇಗದಲ್ಲಿ ಸೈಕಲ್ ಚಕ್ರ ತಿರುಗುವುದು ನಿಮಿಷಕ್ಕೆ ಬರೀ 240 ಸಲ. ನೀರು ಹರಿಯುವ ಪೈಪಿಗೆ ಒಂದು ಎಂಎಂ ಓರೆಯಾದರೆ ಯಾರಿಗೂ ಏನೂ ಆಗಬೇಕಾಗಿಲ್ಲ. ಸೆಕೆಂಡಿಗೆ 24 ಸಲ ಆ ಒಂದು ಎಂಎಂ ನಮ್ಮ ಬೆನ್ನುಮೂಳೆಗೆ ಕುಟ್ಟಿದರೆ ಆಗಬೇಕಾದ್ದೆಲ್ಲ ಆಗುತ್ತದೆ. ಮೇಲಿಂದ ಆರಿದ್ರಾ ಮಳೆ ಹಿಡಿಯಿತು. ಥಂಡಿಗೆ ಹಲಸಿನ ಬಿಲ್ಲೆ ಉಬ್ಬಿ ಬೇರಿಂಗು ಓರೆಯಾಯಿತು, ಒಂದು ಉರುಳೆ ಪೂರ್ತಿ ಹಿಡಿದುಕೊಂಡಿತು. ಬೇರಿಂಗನ್ನೂ ತಪ್ಪು ತಂದಿದ್ದೆ. ಅಂಗಡಿಯವರು ಜೆಡ್‌ಜೆಡ್ ಬೇಕಾ, ಟೂ ಆರ್‌ಎಸ್ ಬೇಕಾ ಅಂತ ಕೇಳಿದ್ದರು, ನಾನು ಹತ್ತು ರೂಪಾಯಿ ಕಡಿಮೆ ಇದ್ದಿದ್ದನ್ನು ತಂದೆ. ಜೆಡ್‌ಜೆಡ್‌ಗೆ ತಗಡಿನ ಮುಚ್ಚಳ, ಥಂಡಿ ಒಳಗೆ ಹೋಗುತ್ತದೆ. ಟೂ ಆರ್‌ಎಸ್‌ಗೆ ಎರಡೂ ಕಡೆ ರಬ್ಬರ್ ಸೀಲು. ನಮ್ಮ ಹವೆಗೆ ಬೇಕಿದ್ದುದು ಎರಡನೆಯದು.

ಆದರೂ ಆ ಹದಿನೈದು ದಿನ ದಂಡವಾಗಲಿಲ್ಲ. ರೋಲರ್ ಆರಿಸುವಾಗ ಏನು ನೋಡಬೇಕು ಅಂತ ನನಗೆ ಕಲಿಸಿದ್ದು ಆ ಪೈಪೇ. ಉರುಳೆ ಎಷ್ಟು ದುಂಡಗಿದೆ, ಎಷ್ಟು ದಪ್ಪ ಇದೆ, ಬೇರಿಂಗು ಎಂಥದ್ದು. ಉಳಿದಿದ್ದೆಲ್ಲ ಆಮೇಲೆ.

ದಪ್ಪದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಾನು ಇದನ್ನು ತಿರುವುಮುರುವಾಗಿ ತಿಳಿದುಕೊಂಡಿದ್ದೆ. ದಪ್ಪ ಉರುಳೆ ತಿರುಗಿಸುವುದು ಕಷ್ಟ, ಸಣ್ಣದು ಸಲೀಸು ಅಂದುಕೊಂಡಿದ್ದೆ. ನಿಜ ಅದರ ಉಲ್ಟಾ. ಸಣ್ಣ ಉರುಳೆ ಟೈರಿನೊಳಗೆ ಹೆಚ್ಚು ಹೂಳುತ್ತದೆ, ರಬ್ಬರು ಹೆಚ್ಚು ಮಡಚಿ ಬಿಚ್ಚುತ್ತದೆ, ಆ ಮಡಚುವಿಕೆಗೇ ನಮ್ಮ ಶಕ್ತಿ ಹೋಗುವುದು. ಅಮೆರಿಕದ ಕ್ರೈಟ್ಲರ್ ಕಂಪನಿ ಅಲ್ಯೂಮಿನಿಯಂ ಉರುಳೆಯನ್ನು ನಾಲ್ಕೂವರೆ ಇಂಚು, ಮೂರು ಇಂಚು, ಎರಡೂಕಾಲು ಇಂಚು ಹೀಗೆ ಬೇರೆ ಬೇರೆ ದಪ್ಪದಲ್ಲಿ ಮಾಡಿದ್ದು ಇದಕ್ಕೇ. ನಾಲ್ಕೂವರೆಯದು ಗಂಟೆಗೆ 30ರಲ್ಲಿ ನಿಮಿಷಕ್ಕೆ ಸುಮಾರು 1,390 ಸುತ್ತು ತಿರುಗುತ್ತದೆ, ಎರಡೂಕಾಲಿನದು ಅದರ ಎರಡರಷ್ಟು. ದಪ್ಪದರ ಮೇಲೆ ಕಾಲು ಹಗುರ, ಎಷ್ಟು ಹೊತ್ತು ಬೇಕಾದರೂ ತುಳಿಯಬಹುದು. ಸಣ್ಣದರ ಮೇಲೆ ಹತ್ತು ನಿಮಿಷಕ್ಕೆ ಬೆವರು ಕಿತ್ತು ಬರುತ್ತದೆ. ರೇಸಿನವರಿಗೆ ಸಣ್ಣದು ಸರಿ. ನನ್ನಂಥ ದೂರದ ದಾರಿಯವನಿಗೆ ತುಂಬಾ ಸಣ್ಣದು ತಗೊಂಡರೆ ಮತ್ತೆ ಅದೂ ಅಟ್ಟದ ಕೆಳಗೇ.

ಅಲ್ಯೂಮಿನಿಯಮ್ಮೋ ಪ್ಲಾಸ್ಟಿಕ್ಕೋ ಅನ್ನುವುದಕ್ಕೆ ಬಹಳ ತಲೆ ಕೆಡಿಸಿಕೊಳ್ಳಲಿಲ್ಲ. ಲೋಹದ್ದು ಬಾಳಿಕೆ ಜಾಸ್ತಿ, ಸದ್ದೂ ಜಾಸ್ತಿ. ನಮ್ಮ ಹಂಚಿನ ಮನೆಯಲ್ಲಿ ಮಳೆಯ ಸದ್ದಿನ ನಡುವೆ ಯಾವುದೂ ಕೇಳುವುದಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಇರುವವರು ಮಾತ್ರ ಕೆಳಗಿನ ಮನೆಯವರನ್ನು ನೆನೆಸಿಕೊಂಡು ಪ್ಲಾಸ್ಟಿಕ್ಕೇ ತಗೊಳ್ಳಿ, ಕೆಳಗೊಂದು ದಪ್ಪ ರಬ್ಬರ್ ಮ್ಯಾಟ್ ಹಾಕಿ. ಸದ್ದಿಗಿಂತ ನೆಲಕ್ಕೆ ಇಳಿಯುವ ನಡುಕವೇ ಅವರಿಗೆ ಕಾಟ.

ಉರುಳೆಯ ಆಕಾರ ಇನ್ನೊಂದು. ಕೆಲವು ನೆಟ್ಟಗಿನ ಕೊಳವೆ. ನೆದರ್ಲೆಂಡ್ಸ್‌ನ ಟ್ಯಾಕ್ಸ್ ಕಂಪನಿಯ ಆಂಟಾರೆಸ್‌ನಲ್ಲಿ ಅಂಚಿನ ಕಡೆ ದಪ್ಪವಾಗುತ್ತದೆ. (ಹೆಸರು ಕೇಳಿ ಹೆಂಡತಿ, "ಟ್ಯಾಕ್ಸ್ ಸೇರಿ ಎಷ್ಟಾಯ್ತು?" ಅಂತ ನಕ್ಕಳು. ತಮಾಷೆ ಅಲ್ಲ, ಹೊರದೇಶದ ಮಾಲಿಗೆ ಅದೇ ದೊಡ್ಡ ಲೆಕ್ಕ.) ಇಟಲಿಯ ಎಲೈಟ್ ಕಂಪನಿಯ ಆರಿಯಾನ್‌ನಲ್ಲಿ ಉರುಳೆ ಪೂರ್ತಿ ಡಮರುವಿನ ಹಾಗೆ, ನಡು ಸಣ್ಣ, ಎರಡೂ ಕೊನೆ ದಪ್ಪ. ಚಕ್ರ ಅಂಚಿಗೆ ಹೋದರೆ ನಡುವಿಗೆ ತಳ್ಳಲಿ ಅಂತ. ನಿಜವಾಗಿ ತಳ್ಳುತ್ತದಾ? ಬೀಳುವವನನ್ನು ಅದು ಉಳಿಸುವುದಿಲ್ಲ. ಅಂಚಿಗೆ ಬಂದೆ ಅಂತ ಹ್ಯಾಂಡಲಿಗೆ ಗೊತ್ತಾಗುತ್ತದೆ, ಅಷ್ಟೇ. ಹೊಸಬನಿಗೆ ಅಷ್ಟೂ ದೊಡ್ಡದೇ. ಚೌಕಟ್ಟೇ ಹಿಂದೆ ಮುಂದೆ ಜಾರುವ ತೇಲುವ ರೋಲರ್ ಕೂಡ ಇದೆ, ಅದರ ಮೇಲೆ ಎದ್ದು ನಿಂತೂ ತುಳಿಯಬಹುದಂತೆ. ಆಸೆ ಆಯಿತು. ಬೆಲೆ ಕೇಳಿ ಆಸೆ ತೇಲಿಹೋಯಿತು.

ಕೊನೆಗೆ ಉಳಿದ ಪ್ರಶ್ನೆ ಬರೀ ಉರುಳೆ ಸಾಕೋ, ಉರುಳೆಯನ್ನು ಬಿಗಿ ಮಾಡುವ ಮ್ಯಾಗ್ನೆಟ್ ಇರುವುದು ಬೇಕೋ. ದಪ್ಪ ಉರುಳೆಯ ಮೇಲೆ ಕೆಲವು ವಾರದಲ್ಲೇ ಕಾಲಿಗೆ ಕೆಲಸ ಸಾಲದೆ ಬರುತ್ತದೆ. ಗೇರ್ ಏರಿಸಿ ವೇಗ ಹೆಚ್ಚಿಸಬಹುದು, ಟೈರಿನ ಗಾಳಿ ಕಡಿಮೆ ಮಾಡಿ ಭಾರ ಹೆಚ್ಚಿಸಬಹುದು, ಅದಕ್ಕೂ ಮಿತಿ ಇದೆ. ಆರಿಯಾನ್ ಮ್ಯಾಗ್‌ನಲ್ಲಿ ಕೈಯಿಂದಲೇ ಬದಲಿಸುವ ಮೂರು ಹಂತದ ಮ್ಯಾಗ್ನೆಟ್ ಇದೆ. ವೈರಿಲ್ಲ, ಪ್ಲಗ್ಗಿಲ್ಲ. ಉರುಳೆ 100 ಎಂಎಂ. ನನಗೆ ಬೇಕಿದ್ದುದು ಇದೇ ಅನ್ನಿಸಿತು.

ಹೊಸದರ ಬದಲು ಬೆಂಗಳೂರಿನ ಒಬ್ಬರ ಹತ್ತಿರ ಸೆಕೆಂಡ್ ಹ್ಯಾಂಡ್ ಸಿಕ್ಕಿತು, 14 ಸಾವಿರಕ್ಕೆ. ನೋಡಲು ಹೋದಾಗ ಅವರು ಕಾಫಿ ಕೊಟ್ಟು ಕಥೆ ಹೇಳುತ್ತಿದ್ದರು, ನಾನು ನೆಲದ ಮೇಲೆ ಕೂತು ಒಂದೊಂದೇ ಉರುಳೆ ತಿರುಗಿಸುತ್ತಿದ್ದೆ. ಬೆಲ್ಟ್ ಬಿಚ್ಚಿ ತಿರುಗಿಸಬೇಕು, ಇಲ್ಲದಿದ್ದರೆ ಯಾವ ಬೇರಿಂಗು ಗೊರಗೊರ ಅನ್ನುತ್ತಿದೆ ಅಂತ ತಿಳಿಯುವುದಿಲ್ಲ. ತಿರುಗುವ ಉರುಳೆಯ ಪಕ್ಕ ಒಂದು ಪೆನ್ನನ್ನು ತಾಗಿಯೂ ತಾಗದ ಹಾಗೆ ಹಿಡಿದೆ. ದುಂಡಗಿದ್ದರೆ ನಡುವಿನ ಸಂದು ಹೆಚ್ಚುಕಡಿಮೆ ಆಗುವುದಿಲ್ಲ. ಉರುಳೆಯನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದೆ, ಆಟ ಇರಲಿಲ್ಲ. ಚೌಕಟ್ಟಿನ ಮಡಚುವ ಜಾಗದಲ್ಲಿ ಪ್ಲಾಸ್ಟಿಕ್ ಬಿರುಕು ಬಿಟ್ಟಿದೆಯಾ ಅಂತ ಮೊಬೈಲ್ ಟಾರ್ಚಿನಲ್ಲಿ ನೋಡಿದೆ. ಬೆಲ್ಟು ಸಡಿಲ ಆಗಿತ್ತು, ಅದನ್ನು ಹೇಳಿ 500 ಇಳಿಸಿಕೊಂಡೆ. ಪೈಪಿನ ಪಾಠ ಅಲ್ಲಿಗೆ ವಸೂಲಾಯಿತು. ರಾತ್ರಿ ತಾಳಗುಪ್ಪದ ರೈಲಿನಲ್ಲಿ ಸೀಟಿನ ಕೆಳಗೆ ಮಡಚಿಟ್ಟು ತಂದೆ. ಎದುರಿಗೆ ಕೂತಿದ್ದ ಅಜ್ಜ, "ಎಂತ ಮಾರಾಯ್ರೇ ಇದು, ಕಬ್ಬಿನ ಗಾಣವಾ?" ಅಂತ ಕೇಳಿದರು. ಹೌದು ಅಂದುಬಿಟ್ಟೆ. ಮಧ್ಯರಾತ್ರಿ ಯಾರು ವಿವರಿಸುತ್ತಾ ಕೂರುತ್ತಾರೆ?

ಮನೆಗೆ ತಂದು ಮೊದಲು ಮಾಡಿದ ಕೆಲಸ ಅಳತೆ. ಎರಡು ಚಕ್ರದ ಅಚ್ಚುಗಳ ನಡುವಿನ ದೂರ ಒಂದೊಂದು ಸೈಕಲ್ಲಿಗೆ ಒಂದೊಂದು. ನನ್ನದು 1,015 ಎಂಎಂ. ಮುಂದಿನ ಉರುಳೆಯನ್ನು ಅದಕ್ಕೆ ಸರಿಯಾಗಿ ಜರುಗಿಸಿ, ಮುಂದಿನ ಚಕ್ರದ ಅಚ್ಚು ಹೆಚ್ಚುಕಡಿಮೆ ಉರುಳೆಯ ಅಚ್ಚಿನ ನೇರಕ್ಕೆ ಬರುವ ಹಾಗೆ ಮಾಡಬೇಕು. ಒಂದು ತೂತು ಹಿಂದೆ ಮುಂದೆ ಆದರೂ ಹ್ಯಾಂಡಲಿನ ಹದವೇ ಬದಲಾಗುತ್ತದೆ. ನಾನು ಮೂರು ದಿನ ತಪ್ಪು ತೂತಿನಲ್ಲಿ ಇಟ್ಟುಕೊಂಡು ನನಗೇ ಬರುವುದಿಲ್ಲ ಅಂತ ಕೊರಗಿದೆ. ಇನ್ನೊಂದು ತೊಂದರೆ ಮಡ್‌ಗಾರ್ಡಿನದ್ದು. ಬ್ರೆವೆ ಸೈಕಲ್ಲಿಗೆ ಮುಂದೆ ಉದ್ದನೆಯ ರಬ್ಬರ್ ನಾಲಿಗೆ ಇರುತ್ತದಲ್ಲ, ಅದು ಚೌಕಟ್ಟಿಗೆ ಉಜ್ಜುತ್ತಿತ್ತು. ಕತ್ತರಿಸುವ ಬದಲು ಮಡಚಿ ದಾರ ಕಟ್ಟಿದೆ.

ಜಾಗ ಮಾತ್ರ ಮೊದಲೇ ಗೊತ್ತಿತ್ತು. ಜಗಲಿಯಲ್ಲಿ ಎಡಕ್ಕೆ ಗೋಡೆ, ಬಲಕ್ಕೆ ಮರದ ಕಂಬ, ನಡುವೆ ರೋಲರ್. ಉರುಳೆಯ ಮೇಲೆ ಸೈಕಲ್ ನಿಂತರೆ ನೆಲ ಕಾಲಿಗೆ ಎಟುಕುವುದಿಲ್ಲ, ಪಕ್ಕದಲ್ಲೊಂದು ಸ್ಟೂಲು ಬೇಕು. ಕಂಬ ಹಿಡಿದು ಹತ್ತಿದೆ. ಕಂಬ ಹಿಡಿದೇ ತುಳಿದೆ. ಕಂಬ ಬಿಟ್ಟೆ. ಬಿದ್ದೆ.

ಎಡಕ್ಕೆ ವಾಲಿ ಗೋಡೆಗೆ ಭುಜ ಉಜ್ಜಿಕೊಂಡು ನಿಂತೆ ಅನ್ನಬೇಕು. ರೋಲರಿನಿಂದ ಜಾರಿದರೆ ಸೈಕಲ್ಲು ಬಾಣದ ಹಾಗೆ ಹಾರಿ ಎದುರಿನ ಗೋಡೆಗೆ ಬಡಿಯುತ್ತದೆ ಅಂತ ಎಲ್ಲರಿಗೂ ಹೆದರಿಕೆ. ಹಾಗೇನೂ ಆಗುವುದಿಲ್ಲ. ಮೀಟರಿನಲ್ಲಿ 30 ತೋರಿಸಿದರೂ ನಮ್ಮ ಮೈಗೆ ವೇಗವೇ ಇಲ್ಲ. ತಿರುಗುವ ಚಕ್ರ ನೆಲಕ್ಕೆ ತಾಗಿ ಒಂದು ಸಲ ಕಿರ್ರ್ ಅನ್ನುತ್ತದೆ, ಒಂದಡಿ ಮುಂದೆ ಹೋದರೆ ಹೆಚ್ಚು. ನಿಂತಲ್ಲೇ ಬೀಳುವುದರಿಂದ ಪೆಟ್ಟು ಮೊಣಕಾಲಿಗೆ, ಸ್ವಲ್ಪ ಮಾನಕ್ಕೆ. ಆ ಹೊತ್ತಿಗೇ ಕೊಳೆ ಔಷಧಿ ಹೊಡೆಯಲು ಬಂದ ಇಬ್ಬರು ಅಂಗಳದಲ್ಲಿ ಕಾಲಿನ ಉಂಬಳ ಕೀಳುತ್ತಾ ಕೂತಿದ್ದರು. ಅವರು ಕಿತ್ತು ಮುಗಿದ ಮೇಲೂ ಏಳಲಿಲ್ಲ.

ವಿಜಯಪುರಕ್ಕೆ ಮತ್ತೆ ಫೋನ್. "ಮುಂದಿನ ಗಾಲಿ ನೋಡಾಕತ್ತೀರೇನ್ರಿ?" ಅಂತ ಕೇಳಿದ. ಹೌದು, ಮತ್ತೇನು ನೋಡಲಿ? "ಗಾಲಿ ನೋಡಬ್ಯಾಡ್ರಿ. ಎದುರಿಗೆ ಗ್ವಾಡಿ ನೋಡ್ರಿ. ಹಗುರ ಗೇರಿನ್ಯಾಗ ಹೆದರಿ ಹೆದರಿ ತುಳಿದ್ರ ಬೀಳ್ತೀರಿ. ಗೇರ್ ಏರಿಸ್ರಿ, ಜೋರ್ ತುಳೀರಿ." ಎರಡೂ ಸರಿ. ಮುಂದೆ 50 ಹಲ್ಲು, ಹಿಂದೆ 17 ಹಲ್ಲಿಗೆ ಹಾಕಿ ನಿಮಿಷಕ್ಕೆ 80 ಸುತ್ತು ತುಳಿದೆ. ಅದು ಗಂಟೆಗೆ 30ರ ಹತ್ತಿರ. ಎದುರಿನ ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ ಇದ್ದ ಚೌಕದ ಮೇಲೆ ಕಣ್ಣು ನೆಟ್ಟೆ. ವೇಗ ಬಂದ ಮೇಲೆ ಸೈಕಲ್ಲು ತಾನೇ ನಿಲ್ಲುತ್ತದೆ. ಬಲವಂತವಾಗಿ ಹಿಡಿದ ಹ್ಯಾಂಡಲನ್ನು ಸಡಿಲ ಬಿಟ್ಟಷ್ಟೂ ಗೆರೆ ನೇರ. ಐದನೇ ದಿನ ಕಂಬ ಮುಟ್ಟದೆ ಹತ್ತು ನಿಮಿಷ ತುಳಿದೆ. ಎರಡು ವಾರಕ್ಕೆ ಬಾಟಲಿ ತೆಗೆದು ನೀರು ಕುಡಿದೆ. ಒಂದೂ ಕೈ ಇಲ್ಲದೆ ತುಳಿಯಲು ಇವತ್ತಿಗೂ ಬಂದಿಲ್ಲ.

ರೋಲರ್ ನಮ್ಮ ತಪ್ಪನ್ನು ಮುಚ್ಚಿಡುವುದಿಲ್ಲ. ನನ್ನ ಬಲಗಾಲು ಎಡಗಾಲಿಗಿಂತ ಜೋರು ಅಂತ ನನಗೆ ಗೊತ್ತೇ ಇರಲಿಲ್ಲ. ಪ್ರತಿ ಸುತ್ತಿಗೂ ಚಕ್ರ ಒಂದಂಗುಲ ಎಡಕ್ಕೆ ಹೋಗಿ ಬರುತ್ತಿತ್ತು. ಸುಸ್ತಾದಾಗ ಮೈ ಕುಣಿಯುತ್ತದೆ, ಕುಣಿದರೆ ಸೈಕಲ್ಲೂ ಕುಣಿಯುತ್ತದೆ. ಮೊದಲ ವಾರ ಇಪ್ಪತ್ತು ನಿಮಿಷಕ್ಕೆ ತಲೆಯೇ ಸುಸ್ತಾಗುತ್ತಿತ್ತು, ಕಾಲಲ್ಲ. ಪುಷ್ಯ ಮಳೆ ಬರುವ ಹೊತ್ತಿಗೆ ಒಂದೂಕಾಲು ಗಂಟೆ ಕೂರಲು ಬಂತು. ಟ್ರೈನರಿನ ಉರಿ ಇರಲಿಲ್ಲ, ಯಾಕೆಂದರೆ ಸೈಕಲ್ಲು ತೂಗುತ್ತದೆ. ಒಳಗೆ ತುಳಿಯುವವರೆಲ್ಲ ಫ್ಯಾನು ಕಡ್ಡಾಯ ಅನ್ನುತ್ತಾರೆ, ಅದು ಸರಿಯೇ. ಗಾಳಿ ಇಲ್ಲದಿದ್ದರೆ ಬೆವರು ಆರುವುದಿಲ್ಲ. ನಮ್ಮ ತೆರೆದ ಜಗಲಿಗೆ ಮಳೆಗಾಲದಲ್ಲಿ ಫ್ಯಾನು ಬೇಡ. ಮಾರ್ಚಿನಲ್ಲಿ ಒಂದು ದಿನ ತುಳಿದು ನೋಡಿದೆ, ಕೆಳಗೆ ಬೆವರಿನ ಕೆರೆ.

ಒಂದು ಬೆಳಿಗ್ಗೆ ಆ ಸಡಿಲ ಬೆಲ್ಟು ತಪ್ಪಿತು. ಹಿಂದಿನ ಚಕ್ರ ತಿರುಗುತ್ತಲೇ ಇದೆ, ಮುಂದಿನದು ನಿಧಾನವಾಗಿ ನಿಂತಿತು. ಹ್ಯಾಂಡಲು ತಿರುಗಿಸಿದೆ, ಏನೂ ಆಗಲಿಲ್ಲ, ಬಲಕ್ಕೆ ವಾಲಿ ಕಂಬವನ್ನು ತಬ್ಬಿಕೊಂಡೆ. ಮುಂದಿನ ಚಕ್ರ ಯಾಕೆ ತಿರುಗಬೇಕು ಅಂತ ಅವತ್ತು ಮೈಗೆ ಗೊತ್ತಾಯಿತು. ಶಿವಮೊಗ್ಗದಿಂದ ಯಂತ್ರಗಳಿಗೆ ಹಾಕುವ ಪಾಲಿಯುರೆಥೇನಿನ ಗುಂಡು ಬೆಲ್ಟು ಅಳತೆಗೆ ಕೊಯ್ಸಿ ತಂದೆ. ಎರಡೂ ತುದಿಯನ್ನು ಬಿಸಿ ಚಾಕುವಿಗೆ ತಾಗಿಸಿ, ಕರಗಿದ ಕೂಡಲೇ ಒತ್ತಿ ಹಿಡಿದರೆ ಅಂಟುತ್ತದೆ. ಅಂಟಿದ ಮೇಲೆ ಉಬ್ಬನ್ನು ಬ್ಲೇಡಿನಿಂದ ಹೆರೆಯಬೇಕು, ಇಲ್ಲದಿದ್ದರೆ ಸುತ್ತಿಗೊಂದು ಟಕ್ ಸದ್ದು.

ಇದರಿಂದ ಆಗದ ಕೆಲಸವೂ ಇದೆ. ಘಟ್ಟ ಹತ್ತುವುದನ್ನು ರೋಲರ್ ಕಲಿಸುವುದಿಲ್ಲ. ಮ್ಯಾಗ್ನೆಟ್ಟನ್ನು ಮೂರನೇ ಹಂತಕ್ಕೆ ಹಾಕಿದರೂ ನಿಧಾನವಾಗಿ, ಭಾರವಾಗಿ, ಎದ್ದು ನಿಂತು ತುಳಿಯುವ ಆ ಒದ್ದಾಟ ಇಲ್ಲಿ ಬರುವುದಿಲ್ಲ. ನಿಧಾನ ಮಾಡಿದರೆ ಬೀಳುತ್ತೇವೆ. ಕಳೆದ ಅಕ್ಟೋಬರ್‌ನಲ್ಲಿ ಅದೇ 200ನ್ನು 11 ಗಂಟೆ 5 ನಿಮಿಷಕ್ಕೆ ಮುಗಿಸಿದೆ, ಆದರೆ ಏರಿನಲ್ಲೆಲ್ಲ ಬೇರೆಯವರು ನನ್ನನ್ನು ದಾಟಿ ಹೋದರು. ಸಪಾಟು ರಸ್ತೆಯಲ್ಲಿ ನಾನು ಅವರನ್ನು ಹಿಡಿಯುತ್ತಿದ್ದೆ. ಬಿಳಿ ಗೆರೆಯ ಮೇಲೆ ಚಕ್ರ ಇಟ್ಟು ಒಂದು ಕಿಲೋಮೀಟರ್ ಹೋಗಿಯೂ ನೋಡಿದೆ. ಬೆರಳಷ್ಟಲ್ಲ, ಒಂದು ಗೇಣು ಆಚೀಚೆ ಇತ್ತು. ಇರಲಿ.

ಲೆಕ್ಕಕ್ಕೇ ಇಲ್ಲದ ಒಂದು ಲಾಭ ಆಯಿತು. ನನ್ನ ಮುಂದಿನ ಚಕ್ರದ ಹಬ್ಬಿನಲ್ಲಿ ಡೈನಮೋ ಇದೆ, ರಾತ್ರಿ ಬ್ರೆವೆಗೆ ಅಂತ ಹಾಕಿಸಿದ್ದು. 15 ಕಿಲೋಮೀಟರ್ ವೇಗದಲ್ಲಿ 6 ವೋಲ್ಟು, 3 ವಾಟ್ ಕೊಡುತ್ತದೆ. ಟ್ರೈನರಿನಲ್ಲಿ ಮುಂದಿನ ಚಕ್ರ ತಿರುಗುವುದೇ ಇಲ್ಲವಲ್ಲ, ಹಾಗಾಗಿ ಇದು ತಲೆಗೇ ಬಂದಿರಲಿಲ್ಲ. ಆಶ್ಲೇಷಾ ಮಳೆಯಲ್ಲಿ ಕರೆಂಟು ಹೋಗಿ ಎರಡನೇ ದಿನ ಸಂಜೆ ತುಳಿಯುತ್ತಿದ್ದಾಗ ಲೈಟು ಹೊತ್ತಿ, ಎದುರಿನ ಗೋಡೆಯ ಮೇಲೆ ದೊಡ್ಡ ಬೆಳಕು ಬಿತ್ತು. ಅಮ್ಮ ಒಳಗಿನಿಂದ ಮಣೆ, ಕತ್ತಿ, ಕಳಲೆಯ ಬುಟ್ಟಿ ತಂದು ಬೆಳಕಿನಲ್ಲಿ ಕೂತು ಹೆಚ್ಚತೊಡಗಿದರು. ನಲವತ್ತು ನಿಮಿಷ ಆದಮೇಲೆ ನಾನು ಇಳಿಯಲು ನೋಡಿದೆ. "ಇನ್ನೂ ಅರ್ಧ ಇದ್ದು, ತುಳಿ" ಅಂದರು.

ಹಲಸಿನ ಬಿಲ್ಲೆಯ ಆ ಮೂರು ಪೈಪುಗಳನ್ನು ಏನು ಮಾಡಿದೆ ಅಂತ ಆಚಾರ್ರು ಸಿಕ್ಕಾಗಲೆಲ್ಲ ಕೇಳುತ್ತಾರೆ. ಎರಡು ಹಿತ್ತಲಲ್ಲಿ ತೊಂಡೆ ಚಪ್ಪರಕ್ಕೆ ಕಂಬ ಆಗಿವೆ. ಮೂರನೆಯದನ್ನು ಅಪ್ಪ ತೋಟಕ್ಕೇ ವಾಪಸು ಒಯ್ದರು, ಹನಿ ನೀರಾವರಿಯ ಪೈಪು ಸುತ್ತಿಡಲು.